ಎಂಟನೇ ಬೆಡ್ಡಿನ ಹೆಸರು, ಏಳನೇ ಬೆಡ್ಡಿನ ಔಷಧಿ

"ಸರ್ವರ್ ಸರಿಯಾಗೇ ಕಳಿಸಿದೆ ಅಂತ ಬೆಳಗಿನಿಂದ ಹಾಡಿದ್ದೇ ಹಾಡ್ತಿದ್ದೀರಿ. ಆ ಹುಡುಗಿಯ ಕಣ್ಣಿಗೆ ಕಂಡಿದ್ದೇನು? ಮೊದಲು ಅದನ್ನ ಹೇಳಿ!"

ಛತ್ರಿ ಮೇಡಂ ಛತ್ರಿಯ ತುದಿಯಿಂದ ನೆಲ ಕುಟ್ಟಿದ ರಭಸಕ್ಕೆ ಸಭಾಕೋಣೆಯಲ್ಲಿ ಕೂತವರೆಲ್ಲ ಬೆಚ್ಚಿದರು. ಮೇಜಿನ ಮೇಲಿದ್ದ ಲೋಟದ ನೀರು ತುಳುಕಿತು.

ಗೋಡೆಯ ದೊಡ್ಡ ಪರದೆಯ ಪಕ್ಕ ನಿಂತಿದ್ದ ಸಾಫ್ಟ್‌ವೇರ್ ಕಂಪನಿಯ ಮ್ಯಾನೇಜರ್ ಮಾತ್ರ ನಗು ಬಿಡಲಿಲ್ಲ. ಇಸ್ತ್ರಿ ಕೆಡದ ಅಂಗಿಯ ಹಾಗೆ ಅದೂ ಅವನ ಮುಖದ ಮೇಲೆ ಮಡಿಕೆ ಬೀಳದೆ ಕೂತಿತ್ತು.

"ಮೇಡಂ, ಪೊಲೀಸ್ ಇಲಾಖೆಯಲ್ಲಿ ನೀವು ದೊಡ್ಡ ಹೆಸರು ಮಾಡಿದವರು, ಒಪ್ಪಿದೆ. ಆದ್ರೆ ಇದು ಸಾಫ್ಟ್‌ವೇರ್. ಇಲ್ಲಿ ಲಾಠಿ ನಡೆಯಲ್ಲ."

"ಲಾಠಿ ಇಲಾಖೆಗೇ ವಾಪಸ್ ಕೊಟ್ಟು ಬಂದಿದ್ದೀನಿ. ಈಗ ಛತ್ರಿ. ಬೇಕಾದ್ರೆ ಇದೂ ನಡೆಯುತ್ತೆ."

ಎಂಟನೇ ಬೆಡ್ಡಿನಲ್ಲಿದ್ದ ಮೇಷ್ಟ್ರಿಗೆ ತಪ್ಪು ಇಂಜೆಕ್ಷನ್ ಚುಚ್ಚಿ ಅವರ ಪ್ರಜ್ಞೆ ತಪ್ಪಿಸಿದಳೆಂದು ಕಿರಿಯ ನರ್ಸ್ ಗುಬ್ಬಿಯನ್ನು ಆ ಸಂಜೆಯೊಳಗೆ ಪೊಲೀಸರಿಗೆ ಒಪ್ಪಿಸಲು ಆಸ್ಪತ್ರೆ ತಯಾರಾಗಿತ್ತು. ಅದನ್ನು ತಡೆಯಲೆಂದೇ ನರ್ಸುಗಳ ಸಂಘ ನಿವೃತ್ತ ಇನ್‌ಸ್ಪೆಕ್ಟರ್ ಛತ್ರಿ ಮೇಡಂ ಅವರನ್ನು ಕರೆಸಿತ್ತು.

ಗುಬ್ಬಿ ಮೇಜಿನ ಕೊನೆಯಲ್ಲಿ ಮುದುಡಿ ಕೂತಿದ್ದಳು. ಆಳು ಸಣ್ಣವಳು ಅಂತ ವಾರ್ಡಿನವರು ಇಟ್ಟ ಹೆಸರು ಅದು. ಈಗ ಇನ್ನೂ ಸಣ್ಣವಳಾಗಿ ಕಾಣುತ್ತಿದ್ದಳು. ಪಕ್ಕದಲ್ಲಿ ವಾರ್ಡಿನ ಹಿರಿಯ ನರ್ಸ್ ದೊಡ್ಡಕ್ಕ. ತುರುಬಿನಲ್ಲಿ ಯಾವಾಗಲೂ ಒಂದು ಪೆನ್ನು ಸಿಕ್ಕಿಸಿಕೊಂಡಿರುವ ಹೆಂಗಸು. ಯಾರಿಗೂ ಕಾಣದ ಹಾಗೆ ಬಿಸ್ಕತ್ತಿನ ಪೊಟ್ಟಣ ಬಿಚ್ಚಿ ಗುಬ್ಬಿಯ ಮಡಿಲಲ್ಲಿಟ್ಟು, "ಒಂದಾದ್ರೂ ತಿನ್ನೇ, ಬೆಳಗಿನಿಂದ ಖಾಲಿ ಹೊಟ್ಟೆ" ಎಂದು ಪಿಸುಗುಟ್ಟಿದಳು.

ಛತ್ರಿ ಮೇಡಂ ಅದನ್ನು ನೋಡಿದರು. ಅಷ್ಟು ಸಿಟ್ಟಿನಲ್ಲೂ ಅವರ ಕಣ್ಣು ಇಂಥದ್ದನ್ನು ಬಿಡುತ್ತಿರಲಿಲ್ಲ.

"ಇನ್ನೊಂದು ಸಲ ಹೇಳಮ್ಮ. ಏನಾಯ್ತು?"

ಗುಬ್ಬಿ ಎದ್ದು ನಿಂತಳು. "ಎಂಟನೇ ಬೆಡ್ ಮೇಷ್ಟ್ರಿಗೆ ಕಾಲು ಮುರಿದಿತ್ತು. ನೋವಿನ ಔಷಧಿ ಅಷ್ಟೇ. ನಾನು ಈ ವಾರ್ಡಿಗೆ ಹೊಸಬಳು, ಅದಕ್ಕೇ ಪ್ರತಿ ಸಲ ಸ್ಕ್ರೀನ್ ನೋಡೇ ಕೊಡ್ತಿದ್ದೆ. ಅವತ್ತು ಏಳು ಅಂತ ಕೂಗಿದ್ರು, ಏಳು ಒತ್ತಿದೆ. ತಕ್ಷಣ, ಅಲ್ಲ ಅಲ್ಲ, ಎಂಟು ಅಂದ್ರು. ಎಂಟು ಒತ್ತಿದೆ. ಮೇಲೆ ಮೇಷ್ಟ್ರ ಹೆಸರು ಬಂತು. ನಾನು ತಿರುಗಿ ಟ್ರೇ ತಗೊಂಡೆ. ಮತ್ತೆ ನೋಡಿದಾಗ ಅದೇ ಹೆಸರಿನ ಕೆಳಗೆ ಇನ್ಸುಲಿನ್ ಅಂತಿತ್ತು. ಶುಗರ್ ತುಂಬಾ ಜಾಸ್ತಿ ಅಂತಲೂ ಇತ್ತು. ಕೊಟ್ಟುಬಿಟ್ಟೆ."

"ಯಾರು..." ಎಂದು ಛತ್ರಿ ಮೇಡಂ ಬಾಯಿ ತೆರೆಯುವಷ್ಟರಲ್ಲಿ ದೊಡ್ಡ ಡಾಕ್ಟರ್ ಕೈ ಎತ್ತಿದರು. ಆಸ್ಪತ್ರೆಯ ಮುಖ್ಯಸ್ಥರು ಅವರು. ಬೆಳಗಿನಿಂದ ತಲೆನೋವಿಗೆ ಹಣೆ ಒತ್ತಿಕೊಳ್ಳುತ್ತಲೇ ಇದ್ದರು.

"ಯಾರು ಕೂಗಿದ್ರೆ ಏನಮ್ಮ? ಒತ್ತಿದ ಬೆರಳು ಅವಳದ್ದು. ಚುಚ್ಚಿದ ಕೈಯೂ ಅವಳದ್ದೇ. ಶುಗರ್ ಇಲ್ಲದ ಮನುಷ್ಯ ಐಸಿಯುನಲ್ಲಿ ಕಣ್ಣು ಮುಚ್ಚಿ ಮಲಗಿದ್ದಾನೆ. ಪಾಪ, ಕೇಳೋದಕ್ಕೆ ಹೆಂಡತಿ ಮಕ್ಕಳೂ ಇಲ್ಲ. ಮೇಷ್ಟ್ರ ಪರವಾಗಿ ನಾನೇ ಕೇಳಬೇಕು."

"ಇನ್ಸುಲಿನ್ ಯಾರಿಗೆ ಕೊಡಬೇಕಿತ್ತು?"

"ಏಳನೇ ಬೆಡ್ಡಿನ ಮುದುಕರಿಗೆ."

"ನೋಡಿದ್ರಾ?" ಛತ್ರಿ ಮೇಡಂ ಮ್ಯಾನೇಜರ್ ಕಡೆ ತಿರುಗಿದರು. "ಏಳರ ಔಷಧಿ ಎಂಟರ ಹೆಸರಿನ ಕೆಳಗೆ ಬಂದು ಕೂತಿದೆ."

"ಅಸಾಧ್ಯ. ಏಳು ಕೇಳಿದಾಗ ಏಳರದ್ದು ಹೋಗಿದೆ. ಎಂಟು ಕೇಳಿದಾಗ ಎಂಟರದ್ದು ಹೋಗಿದೆ. ಸರ್ವರಿನಲ್ಲಿ ದಾಖಲೆ ಇದೆ. ಈ ಸಿಸ್ಟರ್ ಏಳು ಓದಿ ಎಂಟಕ್ಕೆ ಚುಚ್ಚಿದ್ದಾರೆ. ಈಗ ಸಿಕ್ಕಿಬಿದ್ದು ಕಥೆ ಕಟ್ಟುತ್ತಿದ್ದಾರೆ."

ಗುಬ್ಬಿಯ ಕಣ್ಣು ತುಂಬಿತು. ಅಳು ಬರಲಿಲ್ಲ, ಸಿಟ್ಟು ಅದನ್ನು ತಡೆದಿತ್ತು.

ಮೂಲೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದ ಗಡ್ಡದ ಪ್ರೋಗ್ರಾಮರ್ ಎದ್ದು, ತಾನು ಕೂತಿದ್ದ ಕುರ್ಚಿಯನ್ನು ಸದ್ದಿಲ್ಲದೆ ಅವಳ ಹಿಂದಕ್ಕೆ ಸರಿಸಿದ. ಅವಳ ಕುರ್ಚಿ ಅವಳಿಗೆ ಅರಿವಿಲ್ಲದೆ ಆಗಲೇ ಹಿಂದಕ್ಕೆ ಜಾರಿತ್ತು. ಅವನು ಹಾಗೆ ಮಾಡದಿದ್ದರೆ ಅವಳು ನೆಲಕ್ಕೇ ಕೂರುತ್ತಿದ್ದಳು.

ಛತ್ರಿ ಮೇಡಂ ಅವನನ್ನೇ ಹಿಡಿದರು. "ಏನಪ್ಪಾ, ಈ ಸ್ಕ್ರೀನ್ ಮಾಡಿದ್ದು ನೀನೇ ಅಲ್ವಾ? ಬೆಡ್ ನಂಬರ್ ಒತ್ತಿದ್ರೆ ಒಳಗೇನು ನಡೆಯುತ್ತೆ? ನಂಗೆ ಅರ್ಥ ಆಗೋ ಹಾಗೆ ಹೇಳು."

ಅವನು ಮ್ಯಾನೇಜರ್ ಮುಖ ನೋಡಿದ. "ಹೆಸರು ಮೊದಲೇ ಸ್ಕ್ರೀನಿನಲ್ಲಿರುತ್ತೆ ಮೇಡಂ, ಒತ್ತಿದ ತಕ್ಷಣ ಮೇಲೆ ಬರುತ್ತೆ. ಔಷಧಿ ವಿವರ ಸರ್ವರಿಂದ ತರಿಸಬೇಕು. ಸ್ಕ್ರೀನಿನೊಳಗೆ ಓಡೋ ಪ್ರೋಗ್ರಾಂ, ಜಾವಾಸ್ಕ್ರಿಪ್ಟ್ ಅಂತಾರೆ, ಅದು ಕೇಳಿಕಳಿಸುತ್ತೆ, ಆದ್ರೆ ಉತ್ತರ ಬರೋವರೆಗೂ ಕೈ ಕಟ್ಕೊಂಡು ಕೂರಲ್ಲ. ಬೇರೆ ಕೆಲಸ ಮಾಡ್ತಾ ಇರುತ್ತೆ. ಉತ್ತರ ಬಂದಾಗ ಹೆಸರಿನ ಕೆಳಗೆ ಬರೆಯುತ್ತೆ."

"ಒಂದರ ಹಿಂದೆ ಒಂದು ಎರಡು ಕೇಳಿದ್ರೆ?"

"ಎರಡೂ ಬರುತ್ತೆ."

"ಕೇಳಿದ ಕ್ರಮದಲ್ಲೇ ಬರುತ್ತಾ?"

ಪ್ರೋಗ್ರಾಮರ್ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದ. ಮ್ಯಾನೇಜರ್ ಕೆಮ್ಮಿದ.

"ನಮ್ಮ ಬೀದಿಯಲ್ಲಿ ಒಂದು ಇಸ್ತ್ರಿ ಅಂಗಡಿ ಇದೆ," ಎಂದರು ಛತ್ರಿ ಮೇಡಂ. ಧ್ವನಿ ತಗ್ಗಿತ್ತು, ಅವರನ್ನು ಬಲ್ಲವರಿಗೆ ಅದು ಕೂಗಾಟಕ್ಕಿಂತ ಭಯ. "ಮುಂದುಗಡೆ ಒಂದೇ ಗೂಟ. ಯಾರಾದ್ರೂ ಬಂದ ಕೂಡಲೇ ಅಂಗಡಿಯವನು ಗೂಟಕ್ಕೆ ಅವರ ಹೆಸರಿನ ಚೀಟಿ ಸಿಕ್ಕಿಸ್ತಾನೆ. ಬಟ್ಟೆ ಹಿಂದಿನ ಕೋಣೆಯಿಂದ ಆಮೇಲೆ ಬರಬೇಕು. ಮೊದಲು ನಾನು ಬಂದೆ, ನನ್ನ ಚೀಟಿ ಹಾಕಿದ. ಅಷ್ಟರಲ್ಲಿ ನೀವು ಬಂದ್ರಿ, ನನ್ನದು ಕಿತ್ತು ನಿಮ್ಮ ಚೀಟಿ ಹಾಕಿದ. ನಿಮ್ಮ ಷರಟು ಬೇಗ ಬಂತು, ನೇತುಹಾಕಿದ. ಆಮೇಲೆ ನಿಧಾನಕ್ಕೆ ನನ್ನ ಬಟ್ಟೆ ಬಂತು. ಯಾರದ್ದು ಅಂತ ನೋಡದೆ ಷರಟು ತೆಗೆದು ಅದನ್ನ ಹಾಕಿದ. ಈಗ ಚೀಟಿ ನಿಮ್ಮದು, ನೈಟಿ ನನ್ನದು. ತೊಟ್ಕೊಂಡು ಆಫೀಸಿಗೆ ಹೋಗ್ತೀರಾ ಮ್ಯಾನೇಜರ್ ಸಾಹೇಬ್ರೇ?"

ಯಾರೋ ಕಿಸಕ್ಕನೆ ನಕ್ಕರು. ದೊಡ್ಡ ಡಾಕ್ಟರೂ ಹಣೆಯಿಂದ ಕೈ ತೆಗೆದರು.

ಮ್ಯಾನೇಜರ್ ಕಿವಿ ಕೆಂಪಾಯಿತು. ನಗು ಹೋಗಲಿಲ್ಲ. "ಕಥೆ ಚೆನ್ನಾಗಿದೆ. ವಾರ್ಡಿಗೆ ಹೋಗೋಣ. ಏಳು ಒತ್ತಿ, ಎಂಟು ಒತ್ತಿ. ನೀವೇ ನೋಡಿ."

ಅಷ್ಟು ಧೈರ್ಯವಾಗಿ ಕರೆಯುತ್ತಾನಲ್ಲ ಎಂದು ಛತ್ರಿ ಮೇಡಂಗೆ ಆಗಲೇ ಅನುಮಾನ ಬರಬೇಕಿತ್ತು. ಸಿಟ್ಟು ಅನುಮಾನಕ್ಕಿಂತ ಮುಂದೆ ನಡೆಯುತ್ತಿತ್ತು.

ವಾರ್ಡಿನಲ್ಲಿ ಆಗಷ್ಟೇ ನೆಲ ಒರೆಸಿದ್ದರು. ಒರೆಸುತ್ತಿದ್ದ ಹೆಂಗಸು ಗುಬ್ಬಿಯನ್ನು ಕಂಡದ್ದೇ ಬಕೆಟ್ಟು ಬದಿಗಿಟ್ಟು, ಒಣ ಬಟ್ಟೆ ಹಾಸಿ, "ಇಲ್ಲಿ ಕಾಲಿಡಮ್ಮ, ಜಾರೀತು" ಎಂದಳು. ಬೇರೆ ಯಾರಿಗೂ ಹಾಸಲಿಲ್ಲ. ಮ್ಯಾನೇಜರ್ ಹೊಳೆಯುವ ಬೂಟಿನಲ್ಲಿ ಒಮ್ಮೆ ಜಾರಿ, ಮಂಚದ ಕಂಬಿ ಹಿಡಿದುಕೊಂಡ.

ಎಂಟನೇ ಬೆಡ್ ಖಾಲಿ ಇತ್ತು. ಮೇಷ್ಟ್ರ ಕನ್ನಡಕ ಇನ್ನೂ ಅಲ್ಲೇ ಸಣ್ಣ ಕಪಾಟಿನ ಮೇಲಿತ್ತು. ಯಾರೋ ಅದನ್ನು ಒರೆಸಿ, ಮಡಚಿ, ಕರವಸ್ತ್ರದ ಮೇಲಿಟ್ಟಿದ್ದರು. ಸ್ಕ್ರೀನಿನ ಪಟ್ಟಿಯಲ್ಲೂ ಆ ಬೆಡ್ ಅವರ ಹೆಸರಿನಲ್ಲೇ ಇತ್ತು.

ಛತ್ರಿ ಮೇಡಂ ಗೋಡೆಯ ಸ್ಕ್ರೀನಿನಲ್ಲಿ ಏಳು ಒತ್ತಿದರು. ಕೂಡಲೇ ಎಂಟು.

ಮೇಷ್ಟ್ರ ಹೆಸರು ಬಂತು. ಅದರ ಕೆಳಗೆ ಸಣ್ಣದೊಂದು ಚಕ್ರ ತಿರುಗಿತು. ಚಕ್ರ ನಿಂತಾಗ ನೋವಿನ ಔಷಧಿ ಬಂತು. ಮತ್ತೇನೂ ಬರಲಿಲ್ಲ.

ಇನ್ನೊಮ್ಮೆ ಒತ್ತಿದರು. ಚಕ್ರ, ನೋವಿನ ಔಷಧಿ. ಬೇಗ ಒತ್ತಿದರು, ನಿಧಾನಕ್ಕೆ ಒತ್ತಿದರು. ಏನು ಮಾಡಿದರೂ ಅದೇ.

"ತೃಪ್ತಿ ಆಯ್ತಾ?" ಎಂದ ಮ್ಯಾನೇಜರ್. "ಡಾಕ್ಟ್ರೇ, ಪೊಲೀಸರಿಗೆ ಫೋನ್ ಮಾಡಬಹುದು ಅನ್ಸುತ್ತೆ."

"ಈ ಚಕ್ರ ಇರಲಿಲ್ಲ," ಎಂದಳು ಗುಬ್ಬಿ.

"ಏನು?"

"ತಿರುಗೋ ಈ ಚಕ್ರ. ಮೊದಲು ಇರಲೇ ಇಲ್ಲ. ಹೆಸರು ಬಂದು ಕೆಳಗೆ ಖಾಲಿ ಇರ್ತಿತ್ತು, ಇಲ್ಲಾ ಹಿಂದಿನವರದ್ದೇ ಉಳಿದಿರ್ತಿತ್ತು."

"ಇತ್ತು. ನೀನು ನೋಡಿಲ್ಲ." ಮ್ಯಾನೇಜರ್ ಈಗ ನಗುತ್ತಿರಲಿಲ್ಲ. "ಕಣ್ಣು ಬಿಟ್ಟು ನೋಡಿದ್ರೆ ನಿಂಗೆ ಈ ಗತಿ ಬರ್ತಿತ್ತಾ?"

ಛತ್ರಿ ನೆಲದಿಂದ ಮೇಲೆದ್ದಿತು. ಅದರ ತುದಿ ಮ್ಯಾನೇಜರ್ ಟೈಯ ಗಂಟಿನ ಹತ್ತಿರ ಬಂದು ನಿಂತಿತು.

"ಬಹುವಚನ," ಎಂದರು ಛತ್ರಿ ಮೇಡಂ. "ನಿಮಗೆ, ನೀವು. ಇನ್ನೊಂದು ಸಲ ಆ ಮಗುವಿಗೆ ನೀನು ಅಂದ್ರೆ ಈ ಛತ್ರಿ ಬಿಚ್ಚಿಕೊಳ್ಳುತ್ತೆ. ಎಲ್ಲಿ ಬಿಚ್ಚಿಕೊಳ್ಳುತ್ತೆ ಅಂತ ಹೇಳಲ್ಲ."

"ಮೇಡಂ, ಸಮಾಧಾನ," ಎಂದರು ದೊಡ್ಡ ಡಾಕ್ಟರ್.

"ಸಮಾಧಾನ ಇದ್ದಿದ್ರೆ ನಾನು ಮನೆಯಲ್ಲಿ ಗಿಡಕ್ಕೆ ನೀರು ಹಾಕ್ಕೊಂಡಿರ್ತಿದ್ದೆ ಡಾಕ್ಟ್ರೇ. ಒಬ್ಬ ಮನುಷ್ಯ ಸಾಯೋದಕ್ಕೆ ಮಲಗಿದ್ದಾನೆ. ಇನ್ನೂ ಬದುಕು ಶುರು ಮಾಡದ ಹುಡುಗಿಯನ್ನ ಜೈಲಿಗೆ ಕಳಿಸ್ತಿದ್ದೀರಿ. ಈ ಮಹಾರಾಯರು ರಾತ್ರೋರಾತ್ರಿ ಸ್ಕ್ರೀನ್ ರಿಪೇರಿ ಮಾಡಿ, ಮೊದಲಿಂದ ಹೀಗೇ ಇತ್ತು ಅಂತ ನಮ್ಮ ಕಿವಿಗೆ ಹೂ ಇಡ್ತಿದ್ದಾರೆ."

"ಪುರಾವೆ?" ಮ್ಯಾನೇಜರ್ ಎರಡು ಹೆಜ್ಜೆ ಹಿಂದೆ ಸರಿದಿದ್ದ. "ಆಸ್ಪತ್ರೆಯ ಯಾವ ಸ್ಕ್ರೀನ್ ಬೇಕಾದ್ರೂ ನೋಡಿ. ಎಲ್ಲದರಲ್ಲೂ ಒಂದೇ."

"ಮುಚ್ಚಿ ತೆರೆದಿದ್ರೆ ಒಂದೇ."

ಅಷ್ಟು ಮೆಲ್ಲಗೆ ಹೇಳಿದ ಮಾತು ಅದು, ಹೇಳಿದವನೇ ಬೆಚ್ಚಿದ. ಗಡ್ಡದ ಪ್ರೋಗ್ರಾಮರ್ ಲ್ಯಾಪ್‌ಟಾಪನ್ನು ಎದೆಗೆ ಅವುಚಿಕೊಂಡಿದ್ದ.

"ತೆರೆದೇ ಇದ್ರೆ?" ಎಂದರು ಛತ್ರಿ ಮೇಡಂ.

"ಬಾಯಿ ಮುಚ್ಚೋ!" ಎಂದ ಮ್ಯಾನೇಜರ್.

ಪ್ರೋಗ್ರಾಮರ್ ಗುಬ್ಬಿಯನ್ನು ನೋಡಿದ. ನೆಲದ ಮೇಲೆ ಹಾಸಿದ್ದ ಒಣ ಬಟ್ಟೆಯ ಮೇಲೆ ಅವಳು ಎರಡೂ ಪಾದ ಜೋಡಿಸಿ ನಿಂತಿದ್ದಳು.

"ಪೇಜು ತೆರೆದಾಗ ಯಾವ ಕೋಡ್ ಬಂದಿತ್ತೋ ಅದೇ ಓಡ್ತಿರುತ್ತೆ ಮೇಡಂ. ನಾವು ಸರ್ವರಿನಲ್ಲಿ ಹೊಸದು ಹಾಕಿದ್ರೂ, ರಿಫ್ರೆಶ್ ಮಾಡೋವರೆಗೂ ಆ ಸ್ಕ್ರೀನಿಗೆ ಗೊತ್ತಾಗಲ್ಲ. ಡೇಟಾ ಹೊಸದು ಬರ್ತಿರುತ್ತೆ. ಕೋಡ್ ಹಳೇದೇ."

"ಇಲ್ಲಿ ಎಲ್ಲ ಸ್ಕ್ರೀನೂ ದಿನಾ ಬೆಳಿಗ್ಗೆ ಆರಿಸಿ ಒರೆಸ್ತಾರೆ," ಎಂದರು ದೊಡ್ಡ ಡಾಕ್ಟರ್. "ಅದು ನಮ್ಮ ಪದ್ಧತಿ. ಹಳೇದು ಎಲ್ಲಿ ಉಳಿದಿರುತ್ತೆ?"

ಗುಬ್ಬಿ ಬಾಯಿ ತೆರೆದಳು, ಮುಚ್ಚಿದಳು. ದೊಡ್ಡಕ್ಕನ ಮುಖ ನೋಡಿದಳು, ತಪ್ಪು ಮಾಡಿದ ಮಗಳು ತಾಯಿಯನ್ನು ನೋಡುವ ಹಾಗೆ. "ಒಂಟಿ ಕೋಣೆಯ ಅಜ್ಜಿ ಹತ್ರ ಇರೋದನ್ನ ಆರಿಸಲ್ಲ. ಅವರಿಗೆ ಕತ್ತಲೆ ಅಂದ್ರೆ ಭಯ. ರಾತ್ರಿ ಆ ಬೆಳಕು ಇದ್ರೆ ನಿದ್ದೆ ಮಾಡ್ತಾರೆ. ಅದನ್ನ ಆರಿಸಬೇಡಿ ಅಂತ ಎಲ್ಲರಿಗೂ ನಾನೇ ಹೇಳಿಟ್ಟಿದ್ದೆ. ನಿಯಮ ಅಲ್ಲ ಅಂತ ಗೊತ್ತು."

ಮ್ಯಾನೇಜರ್ ಆ ಕಡೆ ಹೆಜ್ಜೆ ಇಟ್ಟದ್ದೇ, ಛತ್ರಿ ಅಡ್ಡ ಬಂತು.

"ನೀವು ಕೊನೆಗೆ ಬನ್ನಿ. ನೆಲ ಜಾರುತ್ತೆ."

ಒಂಟಿ ಕೋಣೆ ವಾರ್ಡಿನ ತುದಿಯಲ್ಲಿತ್ತು. ಸೋಂಕು ಬೇರೆಯವರಿಗೆ ಹರಡದಿರಲೆಂದು ಅಜ್ಜಿಯನ್ನು ಅಲ್ಲಿ ಮಲಗಿಸಿದ್ದರು. ಎಲ್ಲರೂ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಒಳಗೆ ಬಂದಾಗ ಅಜ್ಜಿ ಮೊಣಕೈ ಊರಿ ಎದ್ದು ಕೂತಳು.

"ಏನು, ದಿಬ್ಬಣ ಬಂದ ಹಾಗಿದೆ? ಯಾರನ್ನ ನೋಡೋಕೆ ಬಂದ್ರಿ, ನನ್ನನ್ನಾ?"

"ನಿಮ್ಮ ದೀಪ ನೋಡೋಕೆ ಅಜ್ಜಿ," ಎಂದಳು ಗುಬ್ಬಿ.

"ಆರಿಸಿದ್ರೆ ಕಿರುಚ್ತೀನಿ, ಮೊದಲೇ ಹೇಳಿದ್ದೀನಿ. ಇದ್ಯಾರು ಟೈ ಕಟ್ಕೊಂಡಿರೋದು? ಮುಖ ಹುಳ್ಳಗೆ ಮಾಡ್ಕೊಂಡಿದ್ದಾನೆ, ಹೊಟ್ಟೆ ಸರಿ ಇಲ್ವಾ?"

"ಇನ್ನು ಸ್ವಲ್ಪ ಹೊತ್ತಿಗೆ ಇನ್ನೂ ಕೆಡುತ್ತೆ ಅಜ್ಜಿ," ಎಂದರು ಛತ್ರಿ ಮೇಡಂ.

ದೊಡ್ಡಕ್ಕ ಅಜ್ಜಿಯ ಬೆನ್ನಿಗೆ ದಿಂಬು ಕೊಟ್ಟು, ಜಾರಿದ್ದ ಹೊದಿಕೆಯನ್ನು ಕಾಲ ಮೇಲೆ ಎಳೆದಳು. ಸ್ಟ್ಯಾಂಡಿನ ಮೇಲಿದ್ದ ಸ್ಕ್ರೀನು ಗೋಡೆಯ ಕಡೆ ಮುಖ ಮಾಡಿತ್ತು. ಕಣ್ಣಿಗೆ ಚುಚ್ಚದಿರಲೆಂದು ಗುಬ್ಬಿಯೇ ಹಾಗೆ ತಿರುಗಿಸಿದ್ದಳು. ಛತ್ರಿ ಮೇಡಂ ಅದನ್ನು ತಮ್ಮ ಕಡೆ ತಿರುಗಿಸಿಕೊಂಡರು. ಅದೇ ಬೆಡ್ಡುಗಳ ಪಟ್ಟಿ.

ಏಳು ಒತ್ತಿದರು. ಎಂಟು ಒತ್ತಿದರು.

ಮೇಷ್ಟ್ರ ಹೆಸರು ಬಂತು. ಚಕ್ರ ಬರಲಿಲ್ಲ!

ದೊಡ್ಡ ಡಾಕ್ಟರ್ ಬಗ್ಗಿ ನೋಡಿದರು. ಹೆಸರಿನ ಕೆಳಗೆ ನೋವಿನ ಔಷಧಿ ಬಂತು. ಎಲ್ಲರೂ ಕಾದರು. ನೋವಿನ ಔಷಧಿಯೇ ನಿಂತಿತು.

ಮತ್ತೆ ಒತ್ತಿದರು. ಅದೇ.

"ಚಕ್ರ ಇಲ್ಲದಿದ್ರೂ ಸರಿಯಾಗೇ ಇದೆಯಲ್ಲ!" ಮ್ಯಾನೇಜರ್ ಧ್ವನಿಗೆ ಜೀವ ಬಂತು. "ಇನ್ನೆಷ್ಟು ಹೊತ್ತು ಈ ನಾಟಕ?"

ಛತ್ರಿ ಮೇಡಂ ಕೈ ಗಾಳಿಯಲ್ಲೇ ನಿಂತಿತು. ಗುಬ್ಬಿ ಗೋಡೆಗೆ ಒರಗಿದಳು. ದೊಡ್ಡ ಡಾಕ್ಟರ್ ನಿಟ್ಟುಸಿರು ಬಿಟ್ಟು ಜೇಬಿನಿಂದ ಫೋನ್ ತೆಗೆದರು.

"ಏಳು ಬೇಡ ಮೇಡಂ. ಮೂರು ಒತ್ತಿ."

ದೊಡ್ಡಕ್ಕ ಹೇಳಿದ್ದು. ಹೊದಿಕೆಯ ಅಂಚು ಇನ್ನೂ ಅವಳ ಕೈಯಲ್ಲಿತ್ತು. ಅವಳು ಯಾರ ಮುಖವನ್ನೂ ನೋಡುತ್ತಿರಲಿಲ್ಲ.

"ಏಳರಲ್ಲಿ ಈಗ ಹೊಸಬರು ಇದ್ದಾರೆ. ಆ ಮುದುಕರನ್ನ ಮೂರಕ್ಕೆ ಹಾಕಿದ್ದೀವಿ. ಅವರ ಕಾಯಿಲೆಯ ಚರಿತ್ರೆ ಉದ್ದ, ಬರೋದು ನಿಧಾನ. ಮೂರು ಒತ್ತಿ, ಹೆಸರು ಬಂದ ಕೂಡಲೇ ಎಂಟು."

ಛತ್ರಿ ಮೇಡಂ ಒತ್ತಿದರು. ಮೂರು. ಎಂಟು. ನೋವಿನ ಔಷಧಿ.

"ಇನ್ನೂ ಬೇಗ," ಎಂದಳು ದೊಡ್ಡಕ್ಕ. "ತಡ ಮಾಡಿದ್ರೆ ಸರಿಯಾಗಿಬಿಡುತ್ತೆ."

ಮೂರು, ಎಂಟು.

ಮೇಷ್ಟ್ರ ಹೆಸರು ಬಂತು. ಕೆಳಗೆ ನೋವಿನ ಔಷಧಿ ಮೂಡಿತು. ಇನ್ನೇನು ಮ್ಯಾನೇಜರ್ ಬಾಯಿ ತೆರೆಯಬೇಕು, ಆ ಸಾಲುಗಳು ಅಳಿಸಿಹೋದವು. ಅದೇ ಜಾಗದಲ್ಲಿ ಉದ್ದಕ್ಕೆ ಹೊಸ ಸಾಲುಗಳು ಇಳಿದವು. ಶುಗರಿನ ಅಂಕಿ ಕೆಂಪಾಗಿ ಹೊಳೆಯಿತು. ಅದರ ಕೆಳಗೆ ಇನ್ಸುಲಿನ್.

ಮೇಲೆ ಮಾತ್ರ ಮೇಷ್ಟ್ರ ಹೆಸರು ಹಾಗೇ ಇತ್ತು.

ಗುಬ್ಬಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. "ಇದೇ," ಎಂದಳು. "ಇದೇ, ಇದೇ."

"ಅದು ಹಳೇ ವರ್ಷನ್!" ಎಂದು ಕೂಗಿದ ಮ್ಯಾನೇಜರ್. "ಹಳೇದನ್ನ ತೋರಿಸಿ..."

ಹೇಳಿದ ಮೇಲೆ ಅವನಿಗೆ ಗೊತ್ತಾಯಿತು.

"ಹಳೇದು?" ಎಂದರು ದೊಡ್ಡ ಡಾಕ್ಟರ್. ಅವರು ಸಿಟ್ಟಾಗಿದ್ದನ್ನು ಆ ಆಸ್ಪತ್ರೆ ಕಂಡಿರಲಿಲ್ಲ. "ಮೊದಲಿಂದ ಹೀಗೇ ಇತ್ತು ಅಂದ್ರಲ್ಲ? ಹಳೇದು ಎಲ್ಲಿಂದ ಬಂತು?"

"ಸರ್, ಅದು ಮಾಮೂಲಿ ಸುಧಾರಣೆ..."

"ಮಾಮೂಲಿ ಅಲ್ಲ!" ಪ್ರೋಗ್ರಾಮರ್ ಲ್ಯಾಪ್‌ಟಾಪನ್ನು ಕಿಟಕಿಯ ಕಟ್ಟೆ ಮೇಲೆ ಧಡ್ ಅಂತ ಇಟ್ಟ. ತಿಂಗಳುಗಟ್ಟಲೆ ನುಂಗಿಕೊಂಡದ್ದೆಲ್ಲ ಒಮ್ಮೆಗೇ ಹೊರಬಂತು. "ಉತ್ತರ ಬರೋವರೆಗೂ ಚಕ್ರ ಇಡೋಣ ಅಂದೆ. ಚಕ್ರ ತಿರುಗಿದ್ರೆ ನಮ್ಮದು ನಿಧಾನ ಅನ್ಸುತ್ತೆ, ನೋಡೋಕೆ ಬಂದವರ ಮುಂದೆ ಮರ್ಯಾದೆ ಹೋಗುತ್ತೆ, ತೆಗಿ ಅಂದ್ರಿ. ಬಂದ ಉತ್ತರ ಈಗ ತೆರೆದಿರೋ ರೋಗಿಯದ್ದೇನಾ ಅಂತ ನೋಡೋದಕ್ಕೆ ಒಂದು ಸಾಲು ಸಾಕು ಸಾರ್, ಒಂದೇ ಒಂದು ಸಾಲು! ಮುಂದೆ ನೋಡೋಣ ಅಂದ್ರಿ. ನಿಮ್ಮ ಕೋಣೆಯಲ್ಲಿ ಇಂಟರ್‌ನೆಟ್ ಜೋರಾಗಿರುತ್ತೆ, ಎಲ್ಲ ಥಟ್ ಅಂತ ಬರುತ್ತೆ. ಈ ವಾರ್ಡಿಗೆ ನೀವು ಒಂದು ದಿನ ಬಂದಿದ್ದೀರಾ? ಮೇಷ್ಟ್ರು ಐಸಿಯುಗೆ ಹೋದ ಮೇಲೆ ಆ ಸಾಲು ಹಾಕಿಸಿದ್ರಿ, ಹಾಕಿ ಸುಮ್ನಿರು ಅಂದ್ರಿ. ನಾನೂ ಸುಮ್ನಿದ್ದೆ. ಥೂ!"

ಆ ಥೂ ಅವನು ಅಂದದ್ದು ತನಗೇ.

"ಗೊತ್ತಿದ್ದೂ ಬಿಟ್ರಾ?" ಎಂದರು ಛತ್ರಿ ಮೇಡಂ.

"ಗೊತ್ತಿರೋದಕ್ಕೆ ನಾವೊಬ್ಬರೇನಾ?" ಮ್ಯಾನೇಜರ್ ಮೂಲೆಗೆ ಸಿಕ್ಕ ಬೆಕ್ಕಿನ ಹಾಗೆ ತಿರುಗಿಬಿದ್ದ. "ಈ ವಾರ್ಡಿನಿಂದಲೇ ಫೋನ್ ಬಂದಿತ್ತು. ಇದೆಲ್ಲ ಆಗೋದಕ್ಕೆ ಮುಂಚೇನೇ. ಬೇಗ ಬೇಗ ಎರಡು ಬೆಡ್ ಒತ್ತಿದ್ರೆ ಔಷಧಿ ಅದಲುಬದಲಾಗುತ್ತೆ ಅಂತ ಒಬ್ಬರು ಹೆಂಗಸು ಹೇಳಿದ್ರು. ನಿಮ್ಮವರಿಗೂ ಗೊತ್ತಿತ್ತು! ಅವರು ಯಾಕೆ ಈ ಹುಡುಗಿಗೆ ಹೇಳಲಿಲ್ಲ? ಅವರನ್ನ ಕೇಳಿ!"

"ಕೇಳ್ತೀನಿ. ಮೊದಲು ನಿಮ್ಮನ್ನ," ಎಂದರು ದೊಡ್ಡ ಡಾಕ್ಟರ್. ಆಮೇಲೆ ಗುಬ್ಬಿಯ ಕಡೆ ತಿರುಗಿದರು. "ಪೊಲೀಸರಿಗೆ ಫೋನ್ ಮಾಡ್ತೀನಮ್ಮ. ನಿನ್ನ ವಿಷಯಕ್ಕಲ್ಲ. ನನ್ನ ಮೇಲೆ ಸಿಟ್ಟು ಮಾಡ್ಕೋ, ಅದು ನ್ಯಾಯ."

ಅಜ್ಜಿಗೆ ಏನೂ ಅರ್ಥವಾಗಿರಲಿಲ್ಲ. ಆದರೂ ದಿಂಬಿನ ಕೆಳಗಿನಿಂದ ಒಂದು ಕಿತ್ತಳೆ ತೆಗೆದು ಗುಬ್ಬಿಗೆ ಚಾಚಿದಳು. "ತಗೋ. ನಿಂಗಂತಲೇ ಇಟ್ಟಿದ್ದೆ. ಇವರಿಗೆಲ್ಲ ಕೊಡಬೇಡ."

ಗುಬ್ಬಿ ಅಳುತ್ತಾ ನಕ್ಕಳು.

ಛತ್ರಿ ಮೇಡಂ ನಗಲಿಲ್ಲ. ಗೆದ್ದ ಖುಷಿ ಅವರ ಎದೆಗೆ ಬಂದು ಮುಟ್ಟುವ ಮೊದಲೇ ಬೇರೇನೋ ಅಡ್ಡ ಬಂದಿತ್ತು.

ಉದ್ದ ಚರಿತ್ರೆಯವರದ್ದು ನಿಧಾನಕ್ಕೆ ಬರುತ್ತದೆ ಎಂದು ಪ್ರೋಗ್ರಾಮರ್ ಹೇಳಿರಲಿಲ್ಲ. ತಡ ಮಾಡಿದರೆ ಸರಿಯಾಗಿಬಿಡುತ್ತದೆ ಎಂದೂ ಯಾರೂ ಹೇಳಿರಲಿಲ್ಲ. ಎಷ್ಟು ಬೇಗ ಒತ್ತಬೇಕೆಂಬುದು ಕೇಳಿ ತಿಳಿಯುವುದಲ್ಲ. ಒತ್ತಿ ಒತ್ತಿ ನೋಡಿದ ಬೆರಳಿಗೆ ಗೊತ್ತಿರುವುದು.

ಫೋನ್ ಮಾಡಿದ ಹೆಂಗಸು ಯಾರೆಂದು ತಿಳಿಯಲು ಅವರಿಗೆ ಇನ್ನೇನೂ ಬೇಕಿರಲಿಲ್ಲ. ದೂರು ಕೊಟ್ಟಿದ್ದು ತಪ್ಪಲ್ಲ. ಆದರೆ ದೂರು ಕೊಟ್ಟವಳು ಇಷ್ಟು ದಿನ ಬಾಯಿ ಹೊಲಿದುಕೊಂಡು, ಹುಡುಗಿಗೆ ಬಿಸ್ಕತ್ತು ತಿನ್ನಿಸುತ್ತಾ ಕೂತಿದ್ದೇಕೆ? ಇವತ್ತು ಬಾಯಿ ಬಿಟ್ಟರೆ ತಾನೇ ಸಿಕ್ಕಿಬೀಳುತ್ತೇನೆಂದು ಗೊತ್ತಿದ್ದೂ, ದೊಡ್ಡ ಡಾಕ್ಟರ್ ಫೋನ್ ತೆಗೆದ ಗಳಿಗೆಯಲ್ಲಿ ಬಾಯಿ ಬಿಟ್ಟಿದ್ದೇಕೆ?

"ಗುಬ್ಬಿ," ಎಂದರು ಮೆಲ್ಲಗೆ. "ಮೇಷ್ಟ್ರಿಗೆ ಯಾವಾಗಲೂ ನೀನೇ ಔಷಧಿ ಕೊಡ್ತಿದ್ದೆಯಾ?"

"ಹೌದು ಮೇಡಂ. ದೊಡ್ಡಕ್ಕ ನನ್ನನ್ನೇ ಕಳಿಸೋರು. ಮೇಷ್ಟ್ರು ನಿನ್ನ ಕಂಡ್ರೆ ನಗ್ತಾರೆ, ನೀನೇ ಹೋಗು ಅನ್ನೋರು. ತಾವು ಮಾತ್ರ ಎಂಟರ ಹತ್ರ ಹೋಗ್ತಾನೇ ಇರಲಿಲ್ಲ."

"ಅವತ್ತು ಮೊದಲು ಏಳು, ಆಮೇಲೆ ಎಂಟು ಅಂತ ಕೂಗಿದ್ದು ಯಾರು?"

ದೊಡ್ಡಕ್ಕ ಗುಬ್ಬಿಯ ಹಿಂದೆಯೇ ನಿಂತಿದ್ದಳು. ಹೊದಿಕೆ ಬಿಟ್ಟು, ಆ ಕೈಯನ್ನು ಗುಬ್ಬಿಯ ಹೆಗಲ ಮೇಲಿಟ್ಟಳು. ಒತ್ತಲಿಲ್ಲ. ಇಟ್ಟಳು, ಅಷ್ಟೇ.

ಗುಬ್ಬಿ ತಿರುಗಿ ನೋಡಲಿಲ್ಲ. ಕಿತ್ತಳೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಹಾಕಿಕೊಂಡಳು.

"ಯಾರೂ ಕೂಗಲಿಲ್ಲ ಮೇಡಂ."

"ಸಭೆಯಲ್ಲಿ ಕೂಗಿದ್ರು ಅಂದೆ."

"ಭಯಕ್ಕೆ ಏನೋ ಅಂದೆ. ನಾನೇ ತಪ್ಪಿ ಏಳು ಒತ್ತಿದ್ದು."

"ಗುಬ್ಬಿ, ನನ್ನ ಕಣ್ಣು ನೋಡಿ ಹೇಳು."

ಅವಳು ನೋಡಿದಳು. ಆ ಕಣ್ಣಲ್ಲಿ ಭಯ ಇರಲಿಲ್ಲ. "ಯಾರೂ ಕೂಗಲಿಲ್ಲ," ಎಂದಳು ಮತ್ತೆ.

ಇವಳಿಗಾಗಿ ಬೆಳಗಿನಿಂದ ಊರೆಲ್ಲರ ಜೊತೆ ಜಗಳ ಕಾದಿದ್ದರು ಛತ್ರಿ ಮೇಡಂ. ಈಗ ಅವರ ಸಿಟ್ಟಿಗೆ ಎಲ್ಲಿಗೆ ತಿರುಗಬೇಕೆಂದೇ ತಿಳಿಯಲಿಲ್ಲ.

ಬಾಗಿಲು ಧಡಾರನೆ ತೆರೆಯಿತು. ಐಸಿಯು ನರ್ಸ್, ಏದುಸಿರು ಬಿಡುತ್ತಾ.

"ಡಾಕ್ಟ್ರೇ, ಮೇಷ್ಟ್ರಿಗೆ ಪ್ರಜ್ಞೆ ಬಂತು! ಮಾತಾಡ್ತಿದ್ದಾರೆ. ಹೆಂಡ್ತೀನ ಕರೀರಿ ಅಂತ ಒಂದೇ ಹಟ."

"ಅವರಿಗೆ ಹೆಂಡತಿ ಇಲ್ಲವಲ್ಲಮ್ಮ. ಸೇರುವಾಗ ಹಾಗಂತ ಅವರೇ ಹೇಳಿದ್ದು."

"ನಾನೂ ಅದನ್ನೇ ಅಂದೆ. ಇದೇ ಆಸ್ಪತ್ರೆಯಲ್ಲಿದ್ದಾಳೆ ಅಂದ್ರು. ಹುಡುಕೋದೇನೂ ಕಷ್ಟ ಇಲ್ಲ, ತುರುಬಿನಲ್ಲಿ ಪೆನ್ನು ಸಿಕ್ಕಿಸ್ಕೊಂಡಿರ್ತಾಳೆ ಅಂದ್ರು."

ಹೇಳುತ್ತಾ ಹೇಳುತ್ತಾ ಅವಳ ನೋಟ ದೊಡ್ಡಕ್ಕನ ತುರುಬಿನ ಮೇಲೆ ಬಿತ್ತು. ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿದವು.

ದೊಡ್ಡಕ್ಕ ಕೈ ಎತ್ತಿ ಪೆನ್ನನ್ನು ಎಳೆದಳು. ತುರುಬು ಬಿಚ್ಚಿ ಕೂದಲು ಬೆನ್ನ ಮೇಲೆ ಇಳಿಯಿತು. ದೊಡ್ಡ ಡಾಕ್ಟರ್, ಪ್ರೋಗ್ರಾಮರ್, ಬಾಗಿಲಲ್ಲಿ ನಿಂತವಳು, ಎಲ್ಲರೂ ಬಾಯಿ ತೆರೆದು ನೋಡುತ್ತಿದ್ದರು.

ಛತ್ರಿ ಮೇಡಂ ಮಾತ್ರ ಗುಬ್ಬಿಯ ಮುಖ ನೋಡುತ್ತಿದ್ದರು. ಅಲ್ಲಿ ಆಶ್ಚರ್ಯದ ಸುಳಿವೂ ಇರಲಿಲ್ಲ, ಅವಳಿಗೆ ಮೊದಲೇ ಗೊತ್ತಿದ್ದ ಸುದ್ದಿ ಅದು.